ಬರ್ತೀನಿ ಅಂದವಳು

ಬ್ಯಾಗಿನಲ್ಲಿ ಸರ ಇರಲಿಲ್ಲ!

ಸ್ವೀಡನ್ನಿನ ವೆಟೆರ್ನ್ ಸರೋವರದ ದಂಡೆಯ ಹಳೆಯ ದೀಪಸ್ತಂಭದ ಬಾಗಿಲಲ್ಲೇ ಮಾಲತಿ ಬೊಬ್ಬೆ ಹಾಕಿದಳು. "ಅತ್ತೆ ಕಾಸಿನ ಸರ ಕದ್ದೋಳು ಇವಳೇ! ಹಬ್ಬಕ್ಕೆ ಇವಳಿಗೇ ಕೊಡ್ತೀನಿ ಅಂದಿದ್ದೆ. ಅಲ್ಲೀವರೆಗೂ ತಡೆಯೋಕಾಗಲಿಲ್ಲ!"

ಇವಳು ಅಂದರೆ ವಸಂತಿ, ಮಾಲತಿಯ ವಾರಗಿತ್ತಿ. ನಾರ್‌ಶೋಪಿಂಗ್‌ನಲ್ಲಿ ಸಂಜೆಯ ಶಿಫ್ಟ್ ಇದೆಯೆಂದು ಹೊರಟಿದ್ದವಳನ್ನು ಮಾಲತಿ ಬಸ್‌ಸ್ಟಾಪಿನಿಂದ ಎಳೆತಂದಿದ್ದಳು. ಸೀರೆ ಉಟ್ಟು ಫೋಟೊ ತೆಗೆಸಿಕೊಳ್ಳಲು ಬಂದವರ ರಂಪ ನೋಡಿ! ಕಾರು ಓಡಿಸಿದ ತಪ್ಪಿಗೆ ನಾನೂ ಅಲ್ಲಿ ಸಿಕ್ಕಿಬಿದ್ದಿದ್ದೆ. ಮೈ ಉರಿಯಿತು.

ನನ್ನ ಹೆಂಡತಿ ಪ್ರಫುಲ್ಲಾ ಮೈಸೂರಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವಳು. ತಣ್ಣಗೆ ಕೇಳಿದಳು.

"ಮೇಲೆ ದೀಪದ ಕೋಣೆಯಲ್ಲಿ ಯಾರ್ಯಾರಿದ್ರಿ?"

"ನಾವಿಬ್ರೇ," ಅಂದಳು ಮಾಲತಿ. "ನಾನು ಮೊದ್ಲು ಇಳಿದೆ. ನನ್ನ ಬ್ಯಾಗ್ ಇವಳ ಹತ್ರ ಬಿಟ್ಟಿದ್ದೆ."

"ಸುಳ್ಳು!" ಅಂದಳು ವಸಂತಿ. "ನಾನೇ ಮೊದ್ಲು ಇಳಿದಿದ್ದು. ಅಕ್ಕ ಮೇಲೇ ಇದ್ರು."

"ಬಾಯ್ಮುಚ್ಚು! ಪೊಲೀಸ್ ಕರೀತೀನಿ. ನಿನ್ನ ವರ್ಕ್ ಪರ್ಮಿಟ್ ಗತಿ ಏನಾಗುತ್ತೋ ನೋಡ್ಕೋ!"

ಮಾಲತಿಯ ಮಗಳು ಅಹನಾ ಇಲ್ಲೇ ಹುಟ್ಟಿ ಬೆಳೆದವಳು, ಲುಂಡ್‌ನಲ್ಲಿ ಓದುತ್ತಾಳೆ. ಆಗ ಅವಳು ಕೆಳಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಳು. ಮೆಟ್ಟಿಲು ಅಲ್ಲಿಂದ ಕಾಣದು.

"ಏನಾದ್ರೂ ಕೇಳಿಸ್ತಾ?" ಪ್ರಫುಲ್ಲಾ ಅವಳನ್ನು ಕೇಳಿದಳು.

"ಹೂಂ ಆಂಟಿ. ಆದ್ರೆ ಟವರಲ್ಲಿ ಎಕೋ, ಮೇಲೋ ಕೆಳಗೋ ಗೊತ್ತಾಗಲ್ಲ. ಚಿಕ್ಕಮ್ಮ 'ಬರ್ತೀನಿ ಅಕ್ಕ' ಅಂದ್ರು. ಮಮ್ಮಾ 'ಬಾ' ಅಂದ್ಲು. ಸೋ... ಮಮ್ಮಾ ಆಗ್ಲೇ ಕೆಳಗಿದ್ಲು, ಚಿಕ್ಕಮ್ಮನ್ನ ಕರೀತಿದ್ಲು."

"ಕೇಳಿದ್ರಾ? ನನ್ ಮಗಳೇ ಸಾಕ್ಷಿ!"

ವಸಂತಿ ಗೋಡೆಗೆ ಒರಗಿದಳು. ಪ್ರಫುಲ್ಲಾ ಬಿಡಲಿಲ್ಲ.

"ಬರೀ 'ಬಾ' ಅಂದ್ಲಾ? ಸರಿಯಾಗಿ ಜ್ಞಾಪಿಸ್ಕೋ ಪುಟ್ಟಾ."

"ಅಲ್ಲ... 'ಹೋಗ್ಬಾ' ಅಂದಂಗಿತ್ತು."

ಮಾಲತಿಯ ಮುಖ ಬಿಳಿಚಿಕೊಂಡಿತು.

"ನಮ್ಮಲ್ಲಿ ಹೊರಡೋವಾಗ 'ಹೋಗ್ತೀನಿ' ಅಂತ ಬಾಯಿತಪ್ಪಿಯೂ ಅನ್ನಲ್ಲ," ಅಂದಳು ಪ್ರಫುಲ್ಲಾ. "'ಬರ್ತೀನಿ' ಅಂದ್ರೆ ಹೊರಟೆ ಅಂತ. ಚಿಕ್ಕಮ್ಮ ಬಸ್ಸಿಗೆ ಹೊರಟಳು, ನಿಮ್ಮಮ್ಮ ಮೇಲೆ ನಿಂತು 'ಹೋಗ್ಬಾ' ಅಂತ ಕಳಿಸಿಕೊಟ್ಟಳು. ಹಾಗಾದ್ರೆ ಬ್ಯಾಗಿನ ಜೊತೆ ಕೊನೆಗೆ ಉಳಿದಿದ್ದು ಯಾರು? ಅತ್ತೆ ಮಾತಿನ ಪ್ರಕಾರ ಸರ ವಸಂತಿಗೆ ಕೊಡಬೇಕಿತ್ತು. ಕೊಡೋಕೆ ಮನಸ್ಸಿರಲಿಲ್ಲ. ಕಳ್ಳಿ ಅಂತ ಹೆಸರಿಟ್ಟುಬಿಟ್ರೆ ಕೊಡೋ ಮಾತೇ ಇಲ್ಲ—ಅಲ್ವಾ ಮಾಲತಿ?"

ಮಾಲತಿಯ ಕೈ ಸೀರೆಯ ಮೇಲೆ ತೊಟ್ಟ ಜಾಕೆಟ್ಟಿನತ್ತ ಹೋಯಿತು. ಅಹನಾ ಅಮ್ಮನ ಜಾಕೆಟ್ಟಿನ ಒಳಜೇಬಿಗೆ ಕೈಹಾಕಿದಳು. ಸರ ಕೈಗೆ ಬಂತು. ಅಳುತ್ತಲೇ ಅದನ್ನು ಚಿಕ್ಕಮ್ಮನ ಮುಂದೆ ಹಿಡಿದಳು.

ವಸಂತಿ ಮುಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು ಬಸ್‌ಸ್ಟಾಪಿನ ಕಡೆ ತಿರುಗಿದಳು.

"ಹೋಗ್ತೀನಿ ಅಕ್ಕ," ಅಂದಳು.