ಕೆಂಪು ಪಟ್ಟಿ ಕಟ್ಟಿದ ಕಾಂಡ್ಲಾ

"ಏಯ್, ನಿಲ್ಲಿಸ್ರೀ! ಯಾರ್ರೀ ನೀವು?"

ಮೊಣಕಾಲುದ್ದ ಕೆಸರಲ್ಲಿ ಗರಗಸ ಹಿಡಿದು ನಿಂತಿದ್ದವನು ತಿರುಗಿ ನೋಡಿದ. ಅವನ ಪಕ್ಕದಲ್ಲಿ, ಉಪ್ಪುನೀರಿನ ಕೆಸರಲ್ಲೇ ಬೆಳೆಯುವ ಕಾಂಡ್ಲಾ ಮರವೊಂದು ಉರುಳಿ ಬಿದ್ದಿತ್ತು. ಕೂಗಿದ ರಿಝಿಕಿಗೆ ಅಳುವೇ ಬಂತು. ಓದು ಮುಗಿಸಿ ತನ್ನೂರು ಕಿಪಿನಿಗೆ ಮರಳಿದಾಗಿನಿಂದ ಅವಳು ಅಧ್ಯಯನಕ್ಕೆಂದು ಪ್ರತಿ ವರ್ಷ ಅಳೆಯುತ್ತಿದ್ದ ಮರ ಅದು.

"ಗುಯೊ ಅಂತ. ಮರಗಳ ತೂಕ ನೋಡೋಕೆ ಅರಣ್ಯ ಇಲಾಖೆಯವರು ಕಳಿಸಿದ್ದಾರೆ. ಕೆಂಪು ಪಟ್ಟಿ ಕಟ್ಟಿತ್ತಲ್ಲ... ನಮ್ಮ ಹುಲ್ಲುಬಯಲಲ್ಲಿ ಹಾಗಂದ್ರೆ ಕಡಿದು ತೂಗು ಅಂತ."

"ಇಲ್ಲಿ ಮುಟ್ಟಬೇಡ ಅಂತ."

ಪಾಪ, ಅವನ ಮುಖ ನೋಡಬೇಕಿತ್ತು.

ಕ್ಷಮಿಸಿ ಅಂದವನು ಅಷ್ಟಕ್ಕೇ ಬಿಡಲಿಲ್ಲ. ಬಿದ್ದ ಮರದ ಎಲೆ, ಕೊಂಬೆ ತೂಗಿದ. ಆಮೇಲೆ ಬೇರಿಗೆ ಕೈ ಹಾಕಿದ. ಕೆಸರಿನೊಳಗಿನ ಬೇರನ್ನು ಪೂರ್ತಿ ಬಿಡಿಸಿ ತೂಗುವ ಸಾಹಸಕ್ಕೆ ಇಲ್ಲಿ ಯಾರೂ ಇಳಿದಿರಲಿಲ್ಲ. ನೀರು ಇಳಿದಾಗೆಲ್ಲ ಅಗೆಯುತ್ತಿದ್ದ. ಉಬ್ಬರ ಬಂದು ಗುಂಡಿ ಮುಚ್ಚಿದರೆ ಮತ್ತೆ ಅಗೆಯುತ್ತಿದ್ದ. ಸೊಳ್ಳೆ ಮುತ್ತಿದರೂ ಗೊಣಗಲಿಲ್ಲ. ಕೂದಲೆಳೆಯಂಥ ಬೇರನ್ನೂ ತೊಳೆದು ತಂದಿಟ್ಟು, "ಇದೂ ನಿಮ್ಮ ಲೆಕ್ಕಕ್ಕೆ ಸೇರಲಿ" ಅಂದ.

'ಎಂಥ ಮನುಷ್ಯ ಇವನು...'

ರಿಝಿಕಿಯ ಕೋಪ ಯಾವಾಗ ಕರಗಿತೋ ಅವಳಿಗೇ ಗೊತ್ತಾಗಲಿಲ್ಲ. ಎದ್ದ ಕೂಡಲೇ ಅವನದೇ ನೆನಪು. ತೆಂಗಿನ ಹಾಲಿನ ಅನ್ನ, ಮೀನು ಕಟ್ಟಿಕೊಳ್ಳುವಾಗ ಇಬ್ಬರಿಗಾಗುವಷ್ಟು ಕಟ್ಟಿಕೊಳ್ಳುತ್ತಿದ್ದಳು. ಬಾಯಿಬಿಟ್ಟು ಮಾತ್ರ ಏನೂ ಹೇಳಲಿಲ್ಲ, ಜಂಬದ ಹುಡುಗಿ.

ಕೊನೆಯ ಬೇರು ತೂಗಿದ ಮರುದಿನ ಗುಯೊ ಚೀಲ ಹೊತ್ತು ದೋಣಿಕಟ್ಟೆಗೆ ಹೋದ ಅಂತ ಯಾರೋ ಹೇಳಿದರು. 'ಮಾಡಿದ ತಪ್ಪಿನ ಋಣ ತೀರಿತು, ಹೊರಟ. ಅಷ್ಟೇನಾ ನಾನು?'

ರಿಝಿಕಿ ಓಡಿದಳು.

"ಒಂದು ಮಾತೂ ಹೇಳದೆ ಹೊರಟ್ರಾ?"

"ಊರಿಗೆ ಹೋಗಿ ಹಿರಿಯರನ್ನ ಕರ್ಕೊಂಡು ಬರ್ತೀನಿ. ಅವರು ನಿಮ್ಮಪ್ಪನ ಹತ್ರ ಹೆಣ್ಣು ಕೇಳೋ ಮುಂಚೆ ನಾನು ನಿಮ್ಮ ಹತ್ರ ಬಾಯಿಬಿಟ್ರೆ, ಅಮ್ಮ ನನ್ನ ಚರ್ಮ ಸುಲೀತಾಳೆ."

ರಿಝಿಕಿಯ ಕಣ್ಣು ತುಂಬಿತು. "ಚಪ್ಪಲಿನೂ ಹಾಕದೆ ಓಡಿ ಬಂದೆ, ಗೊತ್ತಾ? ನೀನು ಬಿಟ್ಟೇ ಹೋದೆ ಅಂದ್ಕೊಂಡೆ... ನೀನಂದ್ರೆ ನಂಗಿಷ್ಟ ಗುಯೊ. ತುಂಬಾ."

ಅವನು ಹೆಗಲ ಚೀಲ ಕೆಳಗಿಟ್ಟ.

"ಅಮ್ಮನಿಗೆ ಏನಂತ ಹೇಳ್ಲಿ?"

"ಉಬ್ಬರ ನೋಡ್ಕೊಂಡು ಬರೋಕೆ ಹೇಳು. ನೀರು ಇಳಿದಿದ್ರೆ ದೋಣಿ ಕಟ್ಟೆಗೆ ಬರಲ್ಲ, ಕೆಸರಲ್ಲೇ ನಡೀಬೇಕು."

"ನಡೀಲಿ ಬಿಡು," ಗುಯೊ ನಕ್ಕ. "ಮಗ ಇಷ್ಟು ದಿನ ಕೆಸರಲ್ಲಿ ಯಾಕೆ ಬಿದ್ದಿದ್ದ ಅಂತ ಅವಳಿಗೂ ಗೊತ್ತಾಗಲಿ."