ಒಂದೇ ತೂತಿನ ಹಾಳೆ

"ಈ ಸಹಿ ನನ್ನದಲ್ಲ."

ದರ್ಜಿ ಹೆಂಗಸು ಬಿಸಿ ಬಾಣಲೆ ಮುಟ್ಟಿದವಳಂತೆ ಕಡತದ ಮೇಲಿಂದ ಕೈ ತೆಗೆದಳು.

ಠಾಣೆಯ ದಾಖಲೆ ಕೋಣೆ ನೋಡಿಕೊಳ್ಳುವ ಹಿರಿಯ ಪೊಲೀಸಮ್ಮನನ್ನು ಎಲ್ಲರೂ ದಫ್ತರದಕ್ಕ ಎಂದೇ ಕರೆಯುತ್ತಿದ್ದರು. ಅವಳು ಕನ್ನಡಕ ಏರಿಸಿಕೊಂಡು ಓದಿದಳು. ಎರಡು ವರ್ಷದ ಹಿಂದಿನ ತಾರೀಖು. 'ಮೆಟ್ಟಿಲಿನಿಂದ ಜಾರಿ ಬಿದ್ದು ಕೈ ಮುರಿದಿದೆ. ಗಂಡನ ಮೇಲೆ ದೂರಿಲ್ಲ.'

"ನೀನು ಏನಂತ ಬರೆಸಿದ್ದೆ?"

"ಗಂಡ ಇಸ್ತ್ರಿಪೆಟ್ಟಿಗೇಲಿ ಹೊಡೆದ ಅಂತ. ಹೊರಗಿನ ಬೆಂಚಲ್ಲೇ ಕೂತು ಬರೆಸಿದ್ದೆ. ನಾಳೆ ಹನ್ನೊಂದಕ್ಕೆ ಕೋರ್ಟು ಅಕ್ಕ. ಮಗಳು ಯಾರ ಹತ್ರ ಇರಬೇಕು ಅಂತ ಹೇಳ್ತಾರೆ. ಆ ವರದಿ ಇಲ್ಲದೆ ಹೋದ್ರೆ ನನ್ನ ಮಾತು ಯಾರು ನಂಬ್ತಾರೆ?"

ಪ್ರತಿ ಕೇಳಿಕೊಂಡು ಅವಳು ಬಂದದ್ದು ಇದು ಮೂರನೇ ಸಲ. ಮೊದಲೆರಡು ಸಲ ದಫ್ತರದಕ್ಕ ಕಣ್ಣಿನ ಆಪರೇಷನ್‌ಗೆಂದು ರಜೆಯಲ್ಲಿದ್ದಳು. ಆಗ ಕೋಣೆಯ ಬೀಗದ ಕೈ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು.

*

"ಆಗ ಹೆದರಿ ಸಹಿ ಹಾಕಿರ್ತಾಳೆ, ಈಗ ಇಲ್ಲ ಅಂತಾಳೆ," ಎಂದರು ಇನ್ಸ್‌ಪೆಕ್ಟರ್.

ದಫ್ತರದಕ್ಕನಿಗೆ ಬೇರೆಯೇ ಅನುಮಾನ. ಆ ದೂರು ಬರೆದುಕೊಂಡವನು ಠಾಣೆಯ ಹಳಬನಾದ ಹೆಡ್ ಕಾನ್‌ಸ್ಟೇಬಲ್. ಗಂಡ ಹೆಂಡಿರನ್ನು ರಾಜಿ ಮಾಡಿಸುವುದೆಂದರೆ ಆಸಾಮಿಗೆ ಪಂಚಪ್ರಾಣ. ಆಗಲೇ ಏನಾದರೂ ಕೈಚಳಕ ತೋರಿಸಿದನೇ?

ಕೋಣೆಗೆ ಮರಳಿದಾಗ ದರ್ಜಿ ಹೆಂಗಸು ಕಡತವನ್ನು ಬೆಳಕಿಗೆ ಹಿಡಿದಿದ್ದಳು.

"ಅಕ್ಕ, ಬೇರೆ ಹಾಳೆಗೆಲ್ಲ ಎರಡೆರಡು ತೂತು. ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಬಟ್ಟೆ ಥರ. ಇದಕ್ಕೆ ಒಂದೇ ಯಾಕೆ?"

ದಫ್ತರದಕ್ಕ ಕಡತ ಕಿತ್ತುಕೊಂಡು ನೋಡಿದಳು. ಮೂವತ್ತು ವರ್ಷ ಕಾಗದದಲ್ಲೇ ಕೂದಲು ನರೆತವಳಿಗೆ ಇದು ಹೊಳೆದಿರಲಿಲ್ಲವಲ್ಲ! ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಹೋದ ವರ್ಷ ಕಪಾಟಿನ ಹಿಂದೆ ನೀರು ಸೋರಿ ದಾರವೆಲ್ಲ ಕೊಳೆತಿತ್ತು. ಹಳೆಯ ತೂತುಗಳು ಹರಿದಿದ್ದರಿಂದ, ಠಾಣೆಯವರೆಲ್ಲ ಎರಡು ದಿನ ನೆಲದ ಮೇಲೆ ಕೂತು, ಒಂದು ಬೆರಳು ಒಳಗೆ ಹೊಸ ತೂತು ಕೊರೆದು ಕಟ್ಟಿದ್ದರು. ಅದಕ್ಕಿಂತ ಹಳೆಯ ಹಾಳೆಗೆಲ್ಲ ಎರಡು ತೂತು ಇರಲೇಬೇಕು. ಈ ಹಾಳೆಗೆ ಹೊಸ ತೂತು ಮಾತ್ರ ಇತ್ತು. ಅಂದರೆ ಇದನ್ನು ಸೇರಿಸಿದ್ದು ಆಮೇಲೆ.

ಹೆಡ್ ಕಾನ್‌ಸ್ಟೇಬಲ್ ಅನುಮಾನದ ಪಟ್ಟಿಯಿಂದ ಬಿದ್ದುಹೋದ. ಅವತ್ತು ದಬ್ಬಳ ಹಿಡಿದು ಎಲ್ಲರಿಗೂ ತೂತು ಕೊರೆದುಕೊಟ್ಟವನೇ ಅವನು. ಅವನಾಗಿದ್ದರೆ ಎರಡು ತೂತು ಕೊರೆಯದೆ ಬಿಡುತ್ತಿರಲಿಲ್ಲ. ಈ ತಪ್ಪು ಮಾಡುವವನು ಆ ಎರಡು ದಿನ ಇಲ್ಲಿ ಇಲ್ಲದವನೇ.

ಅಂಥವನು ಠಾಣೆಯಲ್ಲಿ ಒಬ್ಬನೇ ಇದ್ದ. ಮೂರು ತಿಂಗಳ ಹಿಂದೆ ವರ್ಗವಾಗಿ ಬಂದ, ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್.

*

ರೈಟರ್‌ನ ಕುರ್ಚಿ ಖಾಲಿಯಿತ್ತು.

"ಟೀಗೆ ಹೋದ್ರು," ಎಂದ ಬಾಗಿಲ ಕಾವಲಿನವ. "ಜಾಗ ಬಿಟ್ಟು ಏಳದ ಮನುಷ್ಯ, ಈ ಅಮ್ಮ ಬಂದಾಗ್ಲೆಲ್ಲ ಟೀ ನೆನಪಾಗತ್ತೆ. ಮೂರು ಸಲಾನೂ ಹಿತ್ತಲ ಬಾಗಿಲಲ್ಲೇ ಹೋದ್ರು."

ದಫ್ತರದಕ್ಕ ಹೆಂಗಸನ್ನು ಕೋಣೆಯೊಳಗೇ ಕೂರಿಸಿ, ಅವಳು ಹೊರಟುಹೋದಳೆಂದು ಕಾವಲಿನವನ ಮೂಲಕ ಟೀ ಅಂಗಡಿಗೆ ಹೇಳಿಕಳಿಸಿದಳು. ರೈಟರ್ ಬಾಯಿ ಒರೆಸಿಕೊಳ್ಳುತ್ತಾ ಬಂದು ಕೂತ. ಆಗ ದಾಖಲೆ ಕೋಣೆಯ ಬಾಗಿಲು ತೆರೆದು ದರ್ಜಿ ಹೆಂಗಸು ಹೊರಬಂದಳು.

"ಅಣ್ಣಾ... ನೀವಾ?"

ರೈಟರ್ ಮುಖ ಬಿಳಿಚಿಕೊಂಡಿತು.

"ಇವ್ರು ನನ್ನ ಗಂಡನ ಅಕ್ಕನ ಯಜಮಾನರು," ಎಂದಳು ಅವಳು. "ಮದುವೆ ಆದಾಗಿಂದ ಅಣ್ಣ ಅಂತಾನೇ ಕರೀತಿದ್ದೆ. ಮುರಿದ ಕೈ ನೋಡಿ ಇವ್ರೂ ಕಣ್ಣೀರು ಹಾಕಿದ್ರು."

ದಫ್ತರದಕ್ಕ ಆ ಹಾಳೆಯನ್ನೂ ಅದರ ಪಕ್ಕದ ಹಳೇ ಹಾಳೆಯನ್ನೂ, ಅಲ್ಲಿಗೆ ಬಂದ ಇನ್ಸ್‌ಪೆಕ್ಟರ್ ಮುಂದಿಟ್ಟು ತೂತುಗಳ ಕಥೆ ಹೇಳಿದಳು. "ಅರ್ಜಿ ಮೊದಲು ಬಂದಿದ್ದು ಇವರ ಮೇಜಿಗೆ ಸಾರ್. ನಾನಿರಲಿಲ್ಲ, ಬೀಗದ ಕೈ ಮೊಳೇಲಿತ್ತು. ಅಕ್ಷರ, ಸಹಿ ಎಲ್ಲ ನೋಡಿ ನೋಡಿ ಅದೇ ಥರ ಹೊಸ ಹಾಳೇಲಿ ಬರೆದಿದ್ದಾರೆ. ಹರಿದ ಹಳೇ ತೂತು ಯಾಕಿದೆ ಅಂತ ಮಾತ್ರ ಗೊತ್ತಾಗಲಿಲ್ಲ. ಒಂದೇ ಕೊರೆದು ದಾರ ಕಟ್ಟಿಬಿಟ್ರು."

"ಹೆಂಡ್ತಿ ಮನೇಲಿ ಅತ್ತುಕೊಂಡು ಕೂತಿದ್ಲು ಸಾರ್, ತಮ್ಮನ ಮಾನ ಹೋಗತ್ತೆ ಅಂತ," ಎಂದು ರೈಟರ್ ತೊದಲಿದ.

"ನಿಜವಾದ ಹಾಳೆ ಎಲ್ರೀ?" ಇನ್ಸ್‌ಪೆಕ್ಟರ್ ಗುಡುಗಿದರು.

ರೈಟರ್ ತನ್ನ ಡ್ರಾಯರ್ ಎಳೆದ. ತಳಕ್ಕೆ ಹಾಸಿದ್ದ ಪತ್ರಿಕೆಯ ಕೆಳಗೆ ಹಾಳೆ ಮಡಿಕೆಯಿಲ್ಲದೆ ಮಲಗಿತ್ತು. "ಮೊಹರು ಬಿದ್ದ ಕಾಗದ. ಹರಿಯೋಕೆ ಕೈ ಬರಲಿಲ್ಲ."

"ಕಾಗದಕ್ಕೆ ಇರೋ ಮರ್ಯಾದೆ ಈ ಹೆಣ್ಣುಮಗಳಿಗೂ ಕೊಡಬಾರದಿತ್ತೇನಯ್ಯಾ?" ಎಂದಳು ದಫ್ತರದಕ್ಕ.

*

ರೈಟರ್ ಮೇಲೆಯೇ ಹೊಸ ದೂರು ಬರೆಯುವ ಕೆಲಸ ಆ ಹಳಬ ಹೆಡ್ ಕಾನ್‌ಸ್ಟೇಬಲ್ ಪಾಲಿಗೆ ಬಂತು. ಈ ಸಲ ಅವನು ರಾಜಿಯ ಮಾತೇ ಎತ್ತಲಿಲ್ಲ.

ದಫ್ತರದಕ್ಕ ನಿಜವಾದ ಹಾಳೆಯನ್ನು ಯಂತ್ರದ ಗಾಜಿನ ಮೇಲಿಟ್ಟು ಪ್ರತಿ ತೆಗೆದಳು. ಇನ್ಸ್‌ಪೆಕ್ಟರ್ ಸಹಿ ಹಾಕಿ ಮೊಹರು ಒತ್ತಿದರು. ದರ್ಜಿ ಹೆಂಗಸು ಇಸ್ತ್ರಿಪೆಟ್ಟಿಗೆಯ ಸಾಲನ್ನು ಬೆರಳಿಟ್ಟು ಓದಿದಳು. ಕಣ್ಣು ತುಂಬಿತು, ಒರೆಸಿಕೊಂಡಳು. ಆಮೇಲೆ ಪ್ರತಿಯ ಅಂಚನ್ನು ಬೆಳಕಿಗೆ ಹಿಡಿದಳು. ತೂತುಗಳಿದ್ದ ಕಡೆ ಕಪ್ಪು ಚುಕ್ಕೆಗಳು ಮೂಡಿದ್ದವು.

"ಎರಡೂ ಇವೆ ಅಕ್ಕ," ಎಂದು ಹೇಳಿ ಮಗಳನ್ನು ಶಾಲೆಯಿಂದ ಕರೆತರಲು ಹೊರಟಳು.