ಚಾಕ್ ಬೀಳದ ಸಾಲುಗಳು

“ಅಮ್ಮಾ, ನಿಜ ಹೇಳು. ಟೈಲರ್ ಆಂಟಿಗೆ ನೀನೇ ಹೇಳಿಕೊಟ್ಟಿದ್ದು ತಾನೇ?”

ಇಸ್ತ್ರಿ ಮಾಡುತ್ತಿದ್ದ ಅಮ್ಮ ತಲೆಯೆತ್ತಿದರು. “ಏನಂತ?”

“ನನ್ನ ಹತ್ರ ಬರೆಸಿ ಅಂತ. ಪಾಪ, ಹುಡುಗಿಗೆ ಖುಷಿ ಆಗ್ಲಿ ಅಂತ.”

“ನಂಗೆ ಬೇರೆ ಕೆಲಸ ಇಲ್ವಾ? ಸ್ಕೂಲ್ ಮ್ಯಾಗಜೀನಲ್ಲಿ ನಿನ್ನ ಕತೆ ಓದಿ ಅವರೇ ಕೇಳಿದ್ದು. ಹೋಗು, ಸ್ಕೂಲಿಗೆ ಲೇಟಾಯ್ತು.”

ಅವಳು ನಂಬಲಿಲ್ಲ. ಅಣ್ಣ ಅವಳನ್ನು ‘ಪತ್ತೇದಾರಿ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಯಾರಾದರೂ ಹೊಗಳಿದರೆ ಸಾಕು, ಇದರಲ್ಲೇನೋ ಇದೆ ಎಂದು ಅವಳ ಹುಬ್ಬು ಮೇಲೇರುತ್ತಿತ್ತು.

ಕೆಲಸವೇನೋ ಚಿಕ್ಕದೇ. ಹೊಲಿಯಲು ಬಟ್ಟೆ ಕೊಡುವವರು ಏನೇನು ನೆನಪಿಡಬೇಕು ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ಆಂಟಿ ಅದನ್ನು ಅಂಗಡಿಯ ಕನ್ನಡಿ ಪಕ್ಕ ಅಂಟಿಸುತ್ತಾರೆ. ಆದರೆ ಶಾಲೆಯ ಆಚೆ ಒಬ್ಬರು ಅವಳಿಂದ ಬರೆಸುತ್ತಿರುವುದು ಇದೇ ಮೊದಲು. ಮೂರು ಸಲ ಹರಿದು ಹಾಕಿ, ನಾಲ್ಕನೇ ಸಲ ಹತ್ತು ಸಾಲು ಬರೆದಳು. ಅಪ್ಪ ಫೋನಿನಿಂದ ಕಣ್ಣೇ ತೆಗೆಯದೆ “ಸೂಪರ್!” ಎಂದರು. ಅಣ್ಣ ಹಾಳೆಯನ್ನು ತಲೆಕೆಳಗಾಗಿ ಹಿಡಿದು “ಫಸ್ಟ್ ಕ್ಲಾಸ್!” ಎಂದ. ಇಂಥ ಹೊಗಳಿಕೆಯನ್ನು ಯಾರು ತಾನೇ ನಂಬುತ್ತಾರೆ? ಆದರೂ ನಿನ್ನೆ ಧೈರ್ಯ ಮಾಡಿ ಹಾಳೆಯನ್ನು ಕೊಟ್ಟು ಬಂದಿದ್ದಳು.

ಸಂಜೆ ಶಾಲೆಯಿಂದ ಬರುವಾಗ ಅಂಗಡಿಯೊಳಗೆ ಇಣುಕಿದಳು. ಕನ್ನಡಿ ಪಕ್ಕದ ಗೋಡೆ ಖಾಲಿ! ಅವಳ ಹಾಳೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿದ್ದಿತ್ತು. ಒಂದು ಸಾಲಿನ ಸುತ್ತ ನೀಲಿ ಚಾಕ್‌ನ ಗೆರೆ. ಇನ್ನೂ ಮೂರು ಸಾಲಿನಲ್ಲಿ ಅಡ್ಡಗೀಟು. ಅವಳು ಸೀದಾ ಒಳಗೆ ನುಗ್ಗಿದಳು.

“ಗೊತ್ತಿತ್ತು ನಂಗೆ! ಅಮ್ಮ ಹೇಳಿದ್ರು ಅಂತ ತಾನೇ ಬರೆಸಿದ್ದು? ಹಿಡಿಸದಿದ್ರೆ ನೇರವಾಗಿ ಹೇಳ್ಬೇಕಿತ್ತು.” ಅವಳಿಗೆ ಅಳು ಉಕ್ಕಿ ಬಂತು.

ಆಂಟಿ ಮಷಿನ್ ನಿಲ್ಲಿಸಿ, ತುಟಿಗಳ ನಡುವೆ ಹಿಡಿದಿದ್ದ ಗುಂಡುಸೂಜಿ ತೆಗೆದರು. “ನಿಮ್ಮಮ್ಮನ್ನ ನೋಡಿ ತಿಂಗಳಾಯ್ತಲ್ಲೇ! ಬಾ ಇಲ್ಲಿ. ಇದೇನು ಬರ್ದಿದೀಯಾ? ‘ಹೊಸ ಬಟ್ಟೆಯನ್ನು ಮಡಿಕೆ ಬಿಚ್ಚದೆ ತನ್ನಿ.’ ನಾನು ಹಾಗೆ ಹೇಳಿದ್ನಾ?”

“ಇಲ್ಲ. ಓದೋಕೆ ಚೆನ್ನಾಗಿರುತ್ತೆ ಅಂತ ನಾನೇ ಸೇರಿಸ್ದೆ.”

“ಓದೋಕೇನೋ ಚೆನ್ನಾಗಿದೆ. ಆದ್ರೆ ಹತ್ತಿ ಬಟ್ಟೇನ ನೀರಲ್ಲಿ ನೆನೆಸಿ, ಒಣಗಿಸಿ ತರ್ಬೇಕು ಕಣೇ. ಇಲ್ಲಾಂದ್ರೆ ಹೊಲಿದ ಮೇಲೆ ಒಂದೇ ಒಗೆತಕ್ಕೆ ಕುಗ್ಗುತ್ತೆ. ಆಮೇಲೆ ಎಲ್ರೂ ಬಂದು ನನ್ನ ಜುಟ್ಟು ಹಿಡೀತಾರೆ!”

“ಮತ್ತೆ ಈ ಗೀಟು?”

“ನಾಲ್ಕು ಸಲ ‘ದಯವಿಟ್ಟು’ ಯಾಕೆ? ಒಂದು ಸಾಕು. ನಾನೇನು ಭಿಕ್ಷೆ ಬೇಡ್ತಿದೀನಾ?”

ಅಳುವಿನ ನಡುವೆಯೇ ಅವಳಿಗೆ ಕಿಸಕ್ಕನೆ ನಗು ಬಂತು. ಆದರೂ ಅನುಮಾನ ಹೋಗಲಿಲ್ಲ. “ಮಿಕ್ಕಿದ್ದು?”

“ಮಿಕ್ಕಿದ್ದಕ್ಕೇನಾಗಿದೆ? ಎರಡೆರಡು ಸಲ ಓದಿದೀನಿ. ತಪ್ಪಿದ್ರೆ ಅಲ್ಲೂ ಗೀಚ್ತಿರಲಿಲ್ವಾ? ಸರಿಮಾಡಿ ನಾಳೆ ತಾ, ಅಂಟಿಸೋಣ.”

ಅವಳು ಆಂಟಿಯ ಮುಖವನ್ನೇ ದಿಟ್ಟಿಸಿದಳು. ಎಲ್ಲಾದರೂ ‘ಪಾಪ’ ಎನ್ನುವ ಭಾವ ಅಡಗಿದೆಯೇ? ಆಂಟಿ ಆಗಲೇ ಗುಂಡುಸೂಜಿ ಕಚ್ಚಿಕೊಂಡು ಮಷಿನ್ ತುಳಿಯತೊಡಗಿದ್ದರು.

ಹಾಳೆ ಹಿಡಿದು ಹೊರಬಂದವಳು ಅಂಗಡಿಯ ಮೆಟ್ಟಿಲ ಮೇಲೆ ನಿಂತಳು. ಚಾಕ್ ಬೀಳದ ಸಾಲುಗಳನ್ನು ಎಣಿಸಿದಳು. ಆರು. ಒಂದೊಂದನ್ನೂ ಹುಬ್ಬು ಗಂಟಿಕ್ಕಿಕೊಂಡೇ ಓದಿದಳು.

ಚೆನ್ನಾಗಿಯೇ ಇದ್ದವು.